ಪೆಟ್ರೋಲ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗದ ಕಾರು

ಈಗ ನಿಮಗೆ ಕಾಣುತ್ತಿರುವುದು ಹಿರಿಯೂರಿನ ಸಮೀಪ ಹೆದ್ದಾರಿಯ ಬದಿಯಲ್ಲಿರುವ ಒಂದು ಪೆಟ್ರೋಲ್ ಬಂಕ್. ಅಲ್ಲಿಂದ ಬೇವಿನ ಮರದ ನೆರಳಿನತ್ತ ಮೂವರು ಸೇರಿ ತಳ್ಳಿಕೊಂಡು ಬರುತ್ತಿರುವ ಬಿಳಿ ಕಾರು ನನ್ನದು. ಬಂಕಿನೊಳಗೆ ಮೊಬೈಲ್ ಹೊರತೆಗೆಯಬಾರದಾದ್ದರಿಂದ ಈ ದೃಶ್ಯವನ್ನು ನನ್ನ ತಂಗಿ ರಸ್ತೆಯ ಅಂಚಿನಲ್ಲಿ ನಿಂತು ತೆಗೆದಿದ್ದಾಳೆ; ಕಾರು ತಳ್ಳುವುದರಿಂದ ತಪ್ಪಿಸಿಕೊಳ್ಳಲು ಅವಳಿಗೆ ಅದೂ ಒಂದು ನೆಪವಾಯಿತು. ಬೆಂಗಳೂರಿನಿಂದ ದಾವಣಗೆರೆಗೆ ಹೊರಟಿದ್ದ ನಾವು ಸುಮಾರು 160 ಕಿಲೋಮೀಟರ್ ದೂರವನ್ನು ಯಾವ ತಕರಾರೂ ಇಲ್ಲದೆ ಬಂದು, ಟ್ಯಾಂಕ್ ತುಂಬಿಸಿ, ಹಣ ಕೊಟ್ಟು ಕೀ ತಿರುಗಿಸಿದರೆ ಎಂಜಿನ್ ಸ್ಟಾರ್ಟ್ ಆಗಲೇ ಇಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರ ಬಾಯಿಗೂ ಮೊದಲು ಬರುವ ಮಾತು ಪೆಟ್ರೋಲ್ ಸರಿಯಿಲ್ಲ ಎಂಬುದು. ನನಗೂ ಹಾಗೆಯೇ ಅನ್ನಿಸಿತು. ಬಂಕಿನ ಹುಡುಗನನ್ನು ಕೇಳಿದಾಗ ಅವನು ಬೇಸರಪಟ್ಟುಕೊಳ್ಳದೆ ಫಿಲ್ಟರ್ ಪೇಪರ್ ತಂದು, ನೊಜಲ್‌ನ ತುದಿಯನ್ನು ಒರೆಸಿ, ಅದರ ಮೇಲೆ ಒಂದು ಹನಿ ಬಿಟ್ಟು ತೋರಿಸಿದ. ಹನಿ ಆರಿದ ಮೇಲೆ ಕಾಗದದ ಮೇಲೆ ಕಲೆಯೇನೂ ಉಳಿಯಲಿಲ್ಲ. ಈ ಪರೀಕ್ಷೆಯನ್ನು ಕೇಳುವುದು ಗ್ರಾಹಕರ ಹಕ್ಕು, ಕೇಳಲು ಸಂಕೋಚಪಡಬೇಕಾಗಿಲ್ಲ.

ಆದರೆ ಆ ಪರೀಕ್ಷೆ ಮಾಡದಿದ್ದರೂ ತಪ್ಪು ಪೆಟ್ರೋಲಿನದಲ್ಲ ಎಂಬುದನ್ನು ನಾನು ಊಹಿಸಬಹುದಾಗಿತ್ತು ಎಂದು ಈಗ ತೋರುತ್ತದೆ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಪೈಪಿನಲ್ಲಿಯೂ ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳ ಬಳಿಯೂ ಹಳೆಯ ಪೆಟ್ರೋಲ್ ಸ್ವಲ್ಪವಾದರೂ ಉಳಿದಿರುತ್ತದೆ. ಹೊಸದಾಗಿ ತುಂಬಿಸಿದ್ದರಲ್ಲಿ ನೀರೋ ಡೀಸೆಲ್ಲೋ ಬೆರೆತಿದ್ದರೆ ಎಂಜಿನ್ ಸಾಮಾನ್ಯವಾಗಿ ಮೊದಲು ಸ್ಟಾರ್ಟ್ ಆಗಿ, ಬಂಕಿನಿಂದ ಒಂದಷ್ಟು ದೂರ ಹೋದ ಮೇಲೆ ಎಳೆದಾಡಿ ನಿಲ್ಲುತ್ತದೆ. ಬಂಕಿನಲ್ಲಿ ನಿಂತಲ್ಲಿಯೇ ಸ್ಟಾರ್ಟ್ ಆಗದಿದ್ದರೆ ಕಾರಣವನ್ನು ಬೇರೆಡೆ ಹುಡುಕುವುದು ಮೇಲು. (ಡೀಸೆಲ್ ತುಂಬಿಸಿಬಿಟ್ಟಿದ್ದಾರೆ ಎಂದು ಖಚಿತವಾಗಿ ಗೊತ್ತಾದರೆ ಮಾತ್ರ ಕೀಯನ್ನು ಮುಟ್ಟಲೇಬೇಡಿ, ಕೀ ಆನ್ ಮಾಡಿದೊಡನೆ ಪಂಪ್ ಅದನ್ನು ಎಂಜಿನ್ ಕಡೆಗೆ ತಳ್ಳಲು ಶುರುಮಾಡುತ್ತದೆ.)

ಎಥೆನಾಲ್ ಮೇಲೂ ಅನುಮಾನ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಬಿಡುಗಡೆಯಾಯಿತು. ನನ್ನ ಕಾರು ಅದಕ್ಕಿಂತ ಹಳೆಯದು. ಹಳೆಯ ಕಾರುಗಳ ರಬ್ಬರ್ ಭಾಗಗಳ ಬಗ್ಗೆ, ಎಥೆನಾಲ್ ನೀರನ್ನು ಹೀರಿಕೊಳ್ಳುವುದರ ಬಗ್ಗೆ ಇರುವ ಆತಂಕ ಹುರುಳಿಲ್ಲದ್ದಲ್ಲ. ಆದರೆ ಅಂಥ ಹಾನಿ ತಿಂಗಳುಗಟ್ಟಲೆ ನಿಧಾನವಾಗಿ ಆಗುವಂಥದ್ದೇ ಹೊರತು, ಟ್ಯಾಂಕ್ ತುಂಬಿಸಿದ ಐದು ನಿಮಿಷಕ್ಕೆ ಕಾಣಿಸಿಕೊಂಡು, ಮರುದಿನ ಬೆಳಿಗ್ಗೆ ಮಾಯವಾಗಿ, ಮತ್ತೆ ತುಂಬಿಸಿದಾಗಲೇ ಬರುವಂಥದ್ದಲ್ಲ. ನನಗೆ ಆಗುತ್ತಿದ್ದದ್ದು ಹಾಗೆಯೇ: ಮೂರು ವಾರಗಳ ಹಿಂದೆ ತುಮಕೂರಿನಲ್ಲಿ ತುಂಬಿಸಿದಾಗಲೂ ಎಂಜಿನ್ ಮೂರನೆಯ ಬಾರಿಗೆ ಸ್ಟಾರ್ಟ್ ಆಗಿತ್ತು, ನಾನು ಅದನ್ನು ಮರೆತುಬಿಟ್ಟಿದ್ದೆ.

ಮರದ ನೆರಳಿಗೆ ಬಂದ ಮೇಲೆ ಒಂದೊಂದಾಗಿ ನೋಡಿದೆವು. ಸೆಲ್ಫ್ ಜೋರಾಗಿಯೇ ತಿರುಗುತ್ತಿದ್ದುದರಿಂದ ಬ್ಯಾಟರಿಯದು ತಪ್ಪಲ್ಲ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಎಂದರೆ ಪೆಟ್ರೋಲ್ ಪಂಪ್ ಜೀವಂತವಾಗಿತ್ತು. ಕಳ್ಳತನ ತಡೆಯುವ ಇಮೊಬಿಲೈಸರ್‌ನ ದೀಪವೂ ಎಂದಿನಂತೆ ಆರಿತು. ಕಿಡಿ ಬರುತ್ತಿದೆಯೇ ಎಂದು ನೋಡಲು ನಾನು ಹೋಗಲಿಲ್ಲ. ಬಾನೆಟ್ ತೆರೆದೊಡನೆ ಪೆಟ್ರೋಲ್ ವಾಸನೆ ಮೂಗಿಗೆ ಅಡರುತ್ತಿರುವಾಗ ಆ ಸಾಹಸ ಮಾಡಬಾರದು.

ಅಷ್ಟರಲ್ಲಿ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ, ಒಂದು ಕಾಲಕ್ಕೆ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದ ಹಿರಿಯರೊಬ್ಬರು ಬಂದು ಇಣುಕಿ ನೋಡಿ, "ಗಾಡಿ ಪೆಟ್ರೋಲ್ ಕುಡಿದು ಕೂತದೆ ಕಣಪ್ಪಾ, ಆಕ್ಸಿಲರೇಟರ್ ಪೂರಾ ತುಳಿದು ಸೆಲ್ಫ್ ಹೊಡಿ" ಎಂದರು. ಹಾಗೆಯೇ ಮಾಡಿದೆ. ಏಳೆಂಟು ಸೆಕೆಂಡ್ ತಿರುಗಿ, ಕೆಮ್ಮಿ, ಕಪ್ಪು ಹೊಗೆ ಉಗುಳಿ ಎಂಜಿನ್ ಸ್ಟಾರ್ಟ್ ಆಯಿತು. ಅವರ ಕಾರ್ಬ್ಯುರೇಟರ್ ಕಾಲದಲ್ಲಿ ಹೀಗೆ ತುಳಿಯುತ್ತಿದ್ದದ್ದು ಒಳಗೆ ಹೆಚ್ಚು ಗಾಳಿ ಬರಲಿ ಎಂದು. ಇಂದಿನ ಬಹುತೇಕ ಇಂಜೆಕ್ಷನ್ ಕಾರುಗಳಲ್ಲಿ ಇನ್ನೊಂದು ಅನುಕೂಲವೂ ಇದೆ: ಸೆಲ್ಫ್ ತಿರುಗುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದರೆ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಇಂಜೆಕ್ಟರ್‌ಗಳನ್ನೇ ಮುಚ್ಚಿಬಿಡುತ್ತದೆ. ಆಗ ಸಿಲಿಂಡರ್‌ಗೆ ಗಾಳಿ ಮಾತ್ರ ಹೋಗಿ, ಹೆಚ್ಚಾದ ಪೆಟ್ರೋಲ್ ಹೊರಬೀಳುತ್ತದೆ. ಹಿರಿಯರ ಸಲಹೆ ಕೆಲಸ ಮಾಡಿದ್ದರಿಂದಲೇ ರೋಗ ಯಾವುದೆಂಬುದೂ ತಿಳಿಯಿತು: ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿರಲಿಲ್ಲ ಎಂಬುದಲ್ಲ, ಅದು ಅತಿಯಾಗಿ ಸಿಗುತ್ತಿತ್ತು.

ಇಂಜೆಕ್ಟರ್ ಬಿಟ್ಟು ಬೇರೆ ಯಾವ ದಾರಿಯಲ್ಲಿ ಅದು ಸಿಗಲು ಸಾಧ್ಯ? ಟ್ಯಾಂಕಿನಲ್ಲಿ ಏಳುವ ಆವಿ ಹೊರಗಿನ ಗಾಳಿಗೆ ಸೇರದಿರಲೆಂದು ಅದನ್ನು ಇದ್ದಿಲು ತುಂಬಿದ ಒಂದು ಡಬ್ಬಿಯೊಳಗೆ ಹಿಡಿದಿಡುತ್ತಾರೆ, ಅದೇ ಕ್ಯಾನಿಸ್ಟರ್. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ, ಇಸಿಯು ಹೇಳಿದ ಹೊತ್ತಿಗೆ ಮಾತ್ರ, ಪರ್ಜ್ ವಾಲ್ವ್ ಎಂಬ ಪುಟ್ಟ ಕವಾಟ ತೆರೆದು ಆ ಆವಿಯನ್ನು ಎಂಜಿನ್‌ಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡ್‌ಗೆ ಬಿಟ್ಟು ಉರಿಸುತ್ತದೆ. ಈ ಕವಾಟ ಮುಚ್ಚದೆ ಸಿಕ್ಕಿಕೊಂಡರೆ ಉಳಿದ ದಿನಗಳಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಟ್ಯಾಂಕಿಗೆ ಮೂವತ್ತು ಲೀಟರ್ ಪೆಟ್ರೋಲ್ ಧುಮುಕಿ ಕಲಕಿದಾಗ ಮಾತ್ರ, ಅದರಲ್ಲೂ ಬಿಸಿಲಿನ ದಿನ, ಆವಿ ದಟ್ಟವಾಗಿ ನುಗ್ಗಿ ಗಾಳಿಯ ಪಾಲನ್ನು ತಿಂದುಬಿಡುತ್ತದೆ.

ದಾವಣಗೆರೆಯಲ್ಲಿ ಭಾವನ ಮನೆಯ ಅಂಗಳದಲ್ಲಿ ಮಾಡಿದ ಪರೀಕ್ಷೆ ಈಗ ನೀವು ನೋಡುತ್ತಿರುವುದು. ಎಂಜಿನ್ ಐಡಲ್‌ನಲ್ಲಿದೆ. ಮೊದಲು ವಾಲ್ವಿನ ವಿದ್ಯುತ್ ಕನೆಕ್ಟರ್ ಕಳಚಿದ್ದೇನೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಏಕೆಂದರೆ ಬಿಸಿ ಎಂಜಿನ್‌ನಲ್ಲಿ ಇಸಿಯು ತಾನಾಗಿಯೇ ವಾಲ್ವ್ ತೆರೆದಿರಬಹುದು. ವಿದ್ಯುತ್ ಇಲ್ಲದಿದ್ದರೆ ನನ್ನ ಕಾರಿನ ವಾಲ್ವ್ ಮುಚ್ಚಿರಬೇಕು. ಕ್ಯಾನಿಸ್ಟರ್ ಕಡೆಯ ಪೈಪ್ ತೆಗೆದು ವಾಲ್ವಿನ ಆ ಬಾಯಿಗೆ ಬೆರಳಿಟ್ಟರೆ ಬೆರಳು ಒಳಕ್ಕೆ ಎಳೆದಂತಾಗುತ್ತಿದೆ. ನಂತರ ಎಂಜಿನ್ ನಿಲ್ಲಿಸಿ, ವಾಲ್ವನ್ನೇ ಬಿಚ್ಚಿ, ತುಂಡು ಪೈಪ್ ಸಿಕ್ಕಿಸಿ ಊದಿದರೆ ಗಾಳಿ ಸರಾಗವಾಗಿ ಆಚೆ ಹೋಗುತ್ತಿದೆ; ಮುಚ್ಚಿರಬೇಕಾದ ವಾಲ್ವ್ ತೆರೆದೇ ಇದೆ. ಮಲ್ಟಿಮೀಟರ್ ಹಿಡಿದಾಗ ವಾಲ್ವಿನೊಳಗಿನ ತಂತಿಯ ಸುರುಳಿ 24 ಓಮ್ ತೋರಿಸಿತು. ಎಂದರೆ ವಿದ್ಯುತ್ ಮಾರ್ಗದಲ್ಲಿ ದೋಷವಿಲ್ಲ. ಚೆಕ್ ಎಂಜಿನ್ ದೀಪ ಏಕೆ ಉರಿಯಲಿಲ್ಲ ಎಂಬ ನನ್ನ ಗೊಂದಲಕ್ಕೆ ಅಲ್ಲಿ ಉತ್ತರ ಸಿಕ್ಕಿತು. ನನ್ನ ಕಾರಿನ ಇಸಿಯು ತಂತಿಯನ್ನು ನೋಡುತ್ತಿತ್ತೇ ವಿನಾ ಕವಾಟವನ್ನಲ್ಲ. ಆವಿಯ ಹರಿವನ್ನು ಅಳೆಯಬಲ್ಲ ಕಾರುಗಳಲ್ಲಾದರೆ ಸ್ಕ್ಯಾನರ್‌ನಲ್ಲಿ ಪಿ0441 ಅಥವಾ ಪಿ0496 ಎಂಬ ದೋಷಸೂಚಕ ಕೋಡ್ ಕಾಣಬಹುದು.

ಹೊಸ ವಾಲ್ವ್ ಹಾಕಿ ಮುಗಿಸುವ ಆತುರದಲ್ಲಿದ್ದ ನನ್ನನ್ನು ಭಾವನಿಗೆ ಪರಿಚಯದ ಮೆಕ್ಯಾನಿಕ್ ತಡೆದರು. ಹಳೆಯ ವಾಲ್ವನ್ನು ಬಿಳಿ ಕಾಗದದ ಮೇಲೆ ಕುಟ್ಟಿದಾಗ ಸಾಸಿವೆಗಿಂತ ಸಣ್ಣ ಕಪ್ಪು ಕಾಳುಗಳು ಉದುರಿದವು. ಕ್ಯಾನಿಸ್ಟರ್‌ನ ಇದ್ದಿಲು ಪುಡಿಯಾಗಿ ಹರಿದು ಬಂದು ಕವಾಟದ ಬಾಯಲ್ಲಿ ಸಿಕ್ಕಿಕೊಂಡಿತ್ತು. "ಕಟ್ ಆದಮೇಲೂ ಹಾಕಿಸ್ತೀರಾ ಸಾರ್?" ಎಂದು ಅವರು ಕೇಳಿದರು. ಹೌದು, ನೊಜಲ್ ತಾನಾಗಿ ನಿಂತ ಮೇಲೂ ಪೆಟ್ರೋಲ್ ಹಾಕಿಸುತ್ತಿದ್ದೆ, ವರ್ಷಗಳಿಂದ. ಮೊತ್ತವನ್ನು ರೌಂಡ್ ಮಾಡಲೇ ಎಂದು ಬಂಕಿನವರು ಕೇಳಿದಾಗಲೆಲ್ಲ ತಲೆಯಾಡಿಸಿದವನು ನಾನೇ.

ನೊಜಲ್‌ನ ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಪೆಟ್ರೋಲ್ ಹರಿಯುವಾಗ ಅದರ ಮೂಲಕ ಗಾಳಿ ಒಳಸೇರುತ್ತಿರುತ್ತದೆ. ಪೆಟ್ರೋಲ್ ಮಟ್ಟ ಏರಿ ಆ ರಂಧ್ರ ಮುಚ್ಚಿದೊಡನೆ ಒಳಗೆ ಉಂಟಾಗುವ ಎಳೆತಕ್ಕೆ ನೊಜಲ್ ಟಕ್ ಎಂದು ನಿಲ್ಲುತ್ತದೆ. ಅದರ ಮೇಲೆ ಉಳಿಯುವ ಜಾಗ ಆವಿ ಹಿಗ್ಗಲೆಂದು ಬಿಟ್ಟದ್ದು. ಅಲ್ಲಿಗೂ ಪೆಟ್ರೋಲ್ ತುರುಕಿದರೆ ಆವಿಗೆಂದಿರುವ ಪೈಪಿನಲ್ಲಿ ದ್ರವವೇ ಹರಿದು ಇದ್ದಿಲನ್ನು ತೊಯ್ಯಿಸಬಹುದು. ತೊಯ್ದ ಇದ್ದಿಲು ಕ್ರಮೇಣ ಹಾಳಾಗುತ್ತದೆ. ವಾಲ್ವಿಗಿಂತ ಕ್ಯಾನಿಸ್ಟರ್ ಹಲವು ಪಟ್ಟು ದುಬಾರಿ. ಎರಡನ್ನೂ ಬದಲಾಯಿಸಿ, ನಡುವಿನ ಪೈಪನ್ನು ಊದಿ ಸ್ವಚ್ಛಗೊಳಿಸಬೇಕಾಯಿತು.

ಹಿಂದಿರುಗುವಾಗ ಬೇಕೆಂದೇ ಅದೇ ಬಂಕಿನಲ್ಲಿ, ಅದೇ ಮಧ್ಯಾಹ್ನದ ಬಿಸಿಲಿನಲ್ಲಿ ತುಂಬಿಸಿದೆ. ನೊಜಲ್ ಟಕ್ ಎಂದಾಗ ಮೀಟರ್ 1,863 ರೂಪಾಯಿಯಲ್ಲಿ ನಿಂತಿತ್ತು. ಆ ಹುಡುಗ ನನ್ನ ಗುರುತು ಹಿಡಿದು, ಹಣ ಎಣಿಸಿಕೊಂಡ ಮೇಲೂ ಹೋಗದೆ, ನಾನು ಕೀ ತಿರುಗಿಸುವವರೆಗೆ ಕಾರಿನ ಪಕ್ಕದಲ್ಲಿಯೇ ನಿಂತಿದ್ದ. ಎಂಜಿನ್ ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಆಯಿತು.