ಹೋಟೆಲ್ ಬೋರ್ಡ್ ಹಿಂದಿರೋ ಕಾನೂನು

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಲ್ಲಿ ರೇಡಿಯೋ ಪಕ್ಕದಲ್ಲಿಟ್ಕೊಂಡು ಚಪಾತಿ ಲಟ್ಟಿಸ್ತಾ ಇರೋರು, ಅಂಗಡಿ ಬಾಗಿಲು ಹಾಕೋಕೆ ಇನ್ನೂ ಟೈಮಿದೆ ಅಂತ ಕೂತಿರೋರು, ಮಗನೋ ಮಗಳೋ ಅಮೆರಿಕದಲ್ಲಿರೋರು, ನಿಮ್ಮನ್ನೆಲ್ಲ ಮನಸಲ್ಲಿಟ್ಕೊಂಡೇ ಮಾತಾಡ್ತೀನಿ. ವಿಷಯ ನ್ಯೂಯಾರ್ಕ್‌ನ ಕ್ವೀನ್ಸ್ ಅನ್ನೋ ಭಾಗದ ಹೋಟೆಲುಗಳು. ನಾನು ಅಲ್ಲಿ ಮೂರು ವರ್ಷ ಇದ್ದೆ, ವಲಸೆ ಬಂದೋರನ್ನ ಮಾತಾಡಿಸಿ ಬರ್ಕೊಳೋದೇ ನನ್ನ ಕೆಲಸ. ವಾಪಸ್ ಬಂದ್ಮೇಲೆ ಎಲ್ಲರೂ ಕೇಳೋದು ಒಂದೇ, ಅಲ್ಲಿ ಯಾವ ಹೋಟೆಲ್ ಊಟ ಚೆನ್ನಾಗಿರತ್ತೆ ಅಂತ. ಕೇಳ್ಲಿ, ತಪ್ಪೇನಿಲ್ಲ, ಆದ್ರೆ ಯಾಕೆ ಆ ಹೋಟೆಲ್ ಅಲ್ಲಿದೆ ಅಂತ ಯಾರೂ ಕೇಳಲ್ವಲ್ಲಾ! ಉತ್ತರ ಒಂದೇ ಮಾತು. ಯಾವ ಬೀದಿಲಿ ಯಾರ ಹೋಟೆಲ್ ಬರ್ಬೇಕು ಅಂತ ಗೆರೆ ಹಾಕೋದು ವೀಸಾ ಕಾನೂನು. ಇವತ್ತು ನನ್ನಿಂದ ಇದೊಂದು ನೆನಪಿಟ್ಕೊಂಡ್ರೆ ಸಾಕು.

ಹಳೇ ಕಥೆಯಿಂದ ಶುರು ಮಾಡೋಣ. 1882ರಲ್ಲಿ ಅಮೆರಿಕ ಚೀನಾದ ಕೂಲಿ ಕೆಲಸದೋರು ಒಳಗೆ ಬರ್ಬಾರ್ದು ಅಂತ ಕಾನೂನು ಮಾಡ್ತು, ವ್ಯಾಪಾರಿಗಳಿಗೆ ಮಾತ್ರ ಬಾಗಿಲು ತೆಗ್ದಿಟ್ಟಿತ್ತು. 1915ರಲ್ಲಿ ಒಂದು ಕೋರ್ಟು ಹೋಟೆಲ್ ಮಾಲೀಕನೂ ವ್ಯಾಪಾರಿನೇ ಅಂತ ಹೇಳ್ತು. ಅಷ್ಟೇ ಸಾಕಾಯ್ತು. ಅಣ್ಣತಮ್ಮಂದಿರು, ಊರಿನೋರು ದುಡ್ಡು ಕೂಡಿಸಿ ದೊಡ್ಡ ಹೋಟೆಲ್ ಹಾಕೋದು, ಒಬ್ಬೊಬ್ಬ ಪಾಲುದಾರ ಒಂದೊಂದು ವರ್ಷ ಸರದಿ ಮೇಲೆ ಮ್ಯಾನೇಜರ್ ಆಗೋದು, ಆಗ ಸಿಗೋ ವ್ಯಾಪಾರಿ ಅನ್ನೋ ಕಾಗದ ಹಿಡ್ಕೊಂಡು ಊರಿಗೆ ಹೋಗಿ ಮನೆಯೋರನ್ನ ಕರ್ಕೊಂಡು ಬರೋದು. 1910ರಿಂದ 1920ರೊಳಗೆ ನ್ಯೂಯಾರ್ಕ್‌ನಲ್ಲಿ ಚೈನೀಸ್ ಹೋಟೆಲುಗಳು ಸುಮಾರು ನಾಲ್ಕು ಪಟ್ಟಾದ್ವು. ಅಮೆರಿಕದೋರಿಗೆ ರಾತ್ರೋರಾತ್ರಿ ನೂಡಲ್ಸ್ ರುಚಿ ಹತ್ತಿದ್ದರಿಂದ ಇಷ್ಟೆಲ್ಲ ಆಯ್ತಾ? ಕಾನೂನಲ್ಲಿ ಒಂದು ಕಿಂಡಿ ಸಿಕ್ತು, ಆ ಕಿಂಡಿ ಅಡುಗೆಮನೆ ಕಡೆಗಿತ್ತು.

ನಮ್ಮೋರ ಕಥೆನೂ ಹಾಗೇ. 1946ರ ಕಾನೂನಲ್ಲಿ ಇಡೀ ಭಾರತಕ್ಕೆ ವರ್ಷಕ್ಕೆ ಬರೀ 100 ಜನದ ಕೋಟಾ. 1965ರಲ್ಲಿ ಕಾನೂನು ಬದಲಾಗಿ ಭಾರತದಂಥ ಒಂದೊಂದು ದೇಶಕ್ಕೂ 20,000 ತನಕ ಅಂತಾಯ್ತು, ಡಾಕ್ಟ್ರು ಇಂಜಿನಿಯರುಗಳಿಗೆ ದಾರಿ ತೆರೀತು. ಡಾಕ್ಟ್ರು ಹೋಟೆಲ್ ಗಲ್ಲಾ ಮೇಲೆ ಕೂರ್ತಾರಾ? ಇಲ್ಲ. ಅವರ ಕಾಲದಲ್ಲಿ ಕ್ವೀನ್ಸಲ್ಲೇ ಇರೋ ಫ್ಲಶಿಂಗ್‌ನ ಬೌನ್ ಸ್ಟ್ರೀಟಲ್ಲಿ ಗಣೇಶನ ದೇವಸ್ಥಾನ ಕಟ್ಟಿದ್ರು, 1977ರಲ್ಲಿ ಕುಂಭಾಭಿಷೇಕ ಆಯ್ತು, ಇವತ್ತಿಗೂ ಅದರ ನೆಲಮಾಳಿಗೆ ಕ್ಯಾಂಟೀನಲ್ಲಿ ದೋಸೆ ಸಿಗತ್ತೆ. ಆಮೇಲೆ ಅಣ್ಣ, ತಂಗಿ, ಭಾವ ಅಂತ ಸಂಬಂಧದ ಮೇಲೆ ಬಂದೋರಿದ್ದಾರಲ್ಲ, ಕ್ವೀನ್ಸಿನದೇ ಇನ್ನೊಂದು ಬಡಾವಣೆ ಜಾಕ್ಸನ್ ಹೈಟ್ಸ್‌ನ 74ನೇ ಬೀದಿಲಿ ಸೀರೆ ಅಂಗಡಿ, ಚಿನ್ನದ ಅಂಗಡಿ, ದಿನಸಿ, ಹೋಟೆಲು ಎಲ್ಲ ಹಾಕಿದ್ದು ಹೆಚ್ಚಾಗಿ ಅವರೇ. 1990ರಲ್ಲಿ ಚೀಟಿ ಎತ್ತಿ ವೀಸಾ ಕೊಡೋ ಲಾಟರಿ ಕಾನೂನು ಬಂತು, ಪಕ್ಕದ 73ನೇ ಬೀದಿ ತುಂಬಾ ಬಾಂಗ್ಲಾದೇಶದೋರು. ಕಾನೂನು ಬದಲಾಯ್ತು, ಬೋರ್ಡ್ ಬದಲಾಯ್ತು.

ಈಗ ನಾನು ಎಲ್ಲರಿಗೂ ಹೇಳೋ ಒಂದು ವಿಷಯ ಹೇಳ್ಬೇಕು. ಜನವರಿ ತಿಂಗಳು, ಕಾಲಡಿ ಹಿಮ ಕೆಸರಾಗಿ ರಾಡಿ ಆಗಿತ್ತು, ಅದೇ ಜಾಕ್ಸನ್ ಹೈಟ್ಸಲ್ಲಿ ರೂಸ್‌ವೆಲ್ಟ್ ಅವೆನ್ಯೂ ಮೇಲೆ ಏಳನೇ ನಂಬರ್ ರೈಲು ಓಡತ್ತೆ, ಕಂಬದ ಮೇಲೆ, ನಮ್ಮ ಮೆಟ್ರೋ ಥರ, ಆದ್ರೆ ಸದ್ದು ಅದರ ಹತ್ತು ಪಟ್ಟು. ಅದರ ಕೆಳಗೆ ಒಂದು ಮೊಬೈಲ್ ಅಂಗಡಿ, ಅಂಗಡಿ ಹಿಂದೆ ಐದೇ ಟೇಬಲ್ಲಿನ ಮೊಮೊ ಹೋಟೆಲ್. ಗೋಡೆ ಪೂರ್ತಿ ಚೀಟಿಗಳು, ರೂಮ್ ಬಾಡಿಗೆಗಿದೆ, ಮಗು ನೋಡ್ಕೊಳೋಕೆ ಹೆಂಗಸು ಬೇಕು, ನೇಲ್ ಸಲೂನಲ್ಲಿ ಕೆಲಸ ಇದೆ, ಟಿಬೆಟನ್‌ನಲ್ಲಿ, ನೇಪಾಳಿಲಿ. ನಾನು ಅಮ್ಮಂಗೆ ಫೋನ್ ಮಾಡ್ತಾ ಇದ್ದೆ, ಇಲ್ಲಿ ಚಳಿ ಜಾಸ್ತಿ ಕಣಮ್ಮ, ಊಟ ಮಾಡ್ತೀನಿ ಆಮೇಲೆ ಮಾಡ್ಲಾ ಅಂತ. ಫೋನ್ ಇಟ್ಟಿದ್ದೇ ತಡ, ಗಲ್ಲಾದಲ್ಲಿದ್ದ ಹೆಂಗಸು, ಅರವತ್ತರ ಹತ್ತಿರ ಇರ್ಬೇಕು, "ಮೈಸೂರ್ ಕಡೆಯೋರಾ?" ಅಂದ್ರು. ಕನ್ನಡದಲ್ಲಿ! ಅದೂ ಪಿರಿಯಾಪಟ್ಟಣದ ಸಂತೆಲಿ ಕೇಳೋ ಥರದ ಕನ್ನಡ.

ಬೈಲಕುಪ್ಪೆಯೋರು. 1960ರ ಆಸುಪಾಸಲ್ಲಿ ಆಗಿನ ಮೈಸೂರು ರಾಜ್ಯ ಟಿಬೆಟ್‌ನಿಂದ ಬಂದೋರಿಗೆ ಜಾಗ ಕೊಡ್ತಲ್ಲ, ಅವರಪ್ಪ ಕಾಡು ಕಡಿದು ಮುಸುಕಿನ ಜೋಳ ಹಾಕಿದೋರು, ಚಳಿಗಾಲ ಬಂದ್ರೆ ಊರೂರಿಗೆ ಸ್ವೆಟರ್ ಮಾರೋಕೆ ಹೋಗೋರು. ಇವರು ಅಲ್ಲೇ ಹುಟ್ಟಿದ್ದು, ಮದ್ವೆ ಆಗಿದ್ದು. 1990ರ ಕಾನೂನಲ್ಲಿ ಭಾರತ ಮತ್ತೆ ನೇಪಾಳದಲ್ಲಿರೋ ಟಿಬೆಟನ್ನರಿಗೆ ಅಂತಲೇ 1,000 ವೀಸಾ ಎತ್ತಿಟ್ಟಿದ್ರು. ಸಾವಿರ ಅಷ್ಟೇ. ಚೀಟಿ ಎತ್ತಿದಾಗ ಇವರ ಗಂಡನ ಹೆಸರು ಬಂತು. ಒಬ್ರೇ ಹೊರಟ್ರು, ಪಾತ್ರೆ ತೊಳೆಯೋ ಕೆಲಸ, ಹೆಂಡತಿ ಮಕ್ಕಳನ್ನ ಕರೆಸ್ಕೊಳೋಕೆ ಐದು ವರ್ಷ ಹಿಡೀತು. ಆ ಐದು ವರ್ಷ ಹೆಂಗಿದ್ರಿ ಅಂತ ಕೇಳ್ದೆ. ಸುಮ್ನೆ ನನ್ನ ತಟ್ಟೆಗೆ ಇನ್ನೆರಡು ಮೊಮೊ ಹಾಕಿದ್ರು. ನಾನಿದ್ದ ಒಂದು ಗಂಟೇಲಿ ಊಟಕ್ಕೆ ಬಂದೋರು ಆರು ಜನ, ಸ್ಕೂಲ್ ಫಾರ್ಮ್ ತುಂಬಿಸ್ಕೊಳೋಕೆ, ರೂಮ್ ಕೇಳೋಕೆ, ಲಾಯರ್ ಯಾರು ಒಳ್ಳೆಯೋರು ಅಂತ ಕೇಳೋಕೆ ಬಂದೋರು ಒಂಬತ್ತು. ಎಣಿಸಿದೀನಿ. ಆಮೇಲೆ ಯಾರೋ ಬಂದು ಆ ಮೊಮೊ ಚಟ್ನಿ ಖಾರ ಕಮ್ಮಿ ಅಂತ ರಿವ್ಯೂ ಬರೀತಾರೆ ನೋಡಿ, ನಂಗೆ ನಿಜವಾಗ್ಲೂ ಬೇಜಾರಾಗತ್ತೆ. ಆ ಸಾವಿರ ವೀಸಾ ಇಲ್ದಿದ್ರೆ ಆ ಗಲ್ಲಾ ಹಿಂದೆ ಅವರಿರ್ತಿರ್ಲಿಲ್ಲ.

ಟೈಮ್ ಮುಗೀತಾ ಬಂತು ಅಂತ ಕೈಸನ್ನೆ ಮಾಡ್ತಿದಾರೆ, ಉಳಿದಿದ್ದು ಬೇಗ ಹೇಳ್ಬಿಡ್ತೀನಿ. ಅಲ್ಲಿಂದ ಒಂದು ಸ್ಟಾಪ್ ಈಚೆ ವುಡ್‌ಸೈಡಲ್ಲಿ ಫಿಲಿಪೈನ್ಸ್ ಹೋಟೆಲುಗಳು, ಅಮೆರಿಕದ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಿದ್ರು, ನರ್ಸುಗಳು ಬಂದ್ರು, ಅವರ ಹಿಂದೆ ಮನೆಯೋರು ಬಂದ್ರು, ಊಟ ಬಂತು. ಇನ್ನು ನಿಮ್ಮ ಗೋಬಿ ಮಂಚೂರಿ ಥರದ ಅಡುಗೆ ಕ್ವೀನ್ಸಲ್ಲಿ ಮಾಡೋರಲ್ಲಿ ಕೋಲ್ಕತ್ತಾದಲ್ಲಿ ನೆಲೆಸಿದ್ದ ಹಕ್ಕಾ ಅನ್ನೋ ಚೀನೀ ಸಮುದಾಯದೋರಿದ್ದಾರೆ. 1962ರ ಯುದ್ಧದ ಟೈಮಲ್ಲಿ ನಮ್ಮ ಸರ್ಕಾರನೇ ಭಾರತದಲ್ಲಿದ್ದ ಚೀನೀಯರಲ್ಲಿ ಎಷ್ಟೋ ಜನರನ್ನ ರಾಜಸ್ಥಾನದ ದೇವಳಿ ಕ್ಯಾಂಪಲ್ಲಿ ಕೂಡಿಹಾಕಿತ್ತು, ಆಮೇಲೆ ಆ ಸಮುದಾಯದ ಬಹಳ ಜನ ಟೊರಾಂಟೋಗೆ, ನ್ಯೂಯಾರ್ಕ್‌ಗೆ ಹೊರಟುಹೋದ್ರು. ಅಲ್ಲೂ ಕಾನೂನೇ, ಈ ಸಲ ನಮ್ಮದು. ಇದಕ್ಕೇ ಒಂದು ಪೂರ್ತಿ ಭಾಷಣ ಬೇಕು, ಇವತ್ತು ಆಗಲ್ಲ.

ಮಕ್ಕಳನ್ನ ನೋಡೋಕೆ ನ್ಯೂಯಾರ್ಕ್‌ಗೆ ಹೋಗೋ ತಂದೆತಾಯಂದಿರೇ, ಆ ಎತ್ತರದ ಕಟ್ಟಡಗಳನ್ನ ಒಂದಿನ ನೋಡಿ, ಸಾಕು. ಇನ್ನೊಂದಿನ ಏಳನೇ ನಂಬರ್ ರೈಲು ಹತ್ತಿ 74ನೇ ಬೀದಿಲಿ ಇಳೀರಿ. ಶನಿವಾರ ಭಾನುವಾರ ರಿಪೇರಿ ಅಂತ ಆಗಾಗ ರೈಲು ನಿಲ್ಲಿಸ್ತಾರೆ, ಮಗಳ ಹತ್ರ ಮೊದಲೇ ಫೋನಲ್ಲಿ ನೋಡಿಸ್ಕೊಳ್ಳಿ. ಹೋಟೆಲ್ ಒಳಗೆ ಹೋದ್ಮೇಲೆ ಏನಿದೆ ಸ್ಪೆಷಲ್ ಅಂತ ಕೇಳೋ ಮುಂಚೆ, ಗಲ್ಲಾದಲ್ಲಿರೋರನ್ನ, ನೀವು ಯಾವ ವರ್ಷ ಇಲ್ಲಿಗೆ ಬಂದಿದ್ದು ಅಂತ ಕೇಳಿ. ಕನ್ನಡದಲ್ಲೇ ಒಂದ್ಸಲ ಕೇಳಿ ನೋಡಿ. ನಮಸ್ಕಾರ.