286 ಅಂದರೆ 286, ಅಷ್ಟೇ

ನಮಸ್ಕಾರ, ಬನ್ನಿ ಬನ್ನಿ. ಇವತ್ತು ಮಾತಾಡಬೇಕು ಅಂದುಕೊಂಡಿದ್ದು ಬೇರೆ ವಿಷಯ. ಖಾಲಿ ಕೇಸ್‌ಗಳ, ಅಂದರೆ ತೋಟಾದ ಹಿತ್ತಾಳೆ ಕೊಳವೆಗಳ ಕತ್ತನ್ನು ಕಾಯಿಸಿ ಹದ ಮಾಡುವುದು ಹೇಗೆ ಅಂತ ಮೂರು ಪುಟ ಬರೆದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಹಿಂದಿನ ವಿಡಿಯೋ ಕೆಳಗೆ ಒಬ್ಬರು ಬರೆದದ್ದು ಕಣ್ಣಿಗೆ ಬಿತ್ತು. "ಅಣ್ಣಾ, 9.3ಕ್ಕೆ 286 ಗ್ರೇನ್ ಗುಂಡು ಹಾಕೋದು ಅಜ್ಜನ ಕಾಲದ ಚಾಳಿ. 232 ಹಾಕಿ ನೋಡಿ, ಬಾಣ ಬಿಟ್ಟ ಹಾಗೆ ಹೋಗುತ್ತೆ."

ಬಾಣ ಬೇಕಿದ್ದರೆ ಬಿಲ್ಲು ತಗೊಳ್ಳಪ್ಪ. ನಾವಿಲ್ಲಿ ಮಾತಾಡುತ್ತಿರುವುದು 9.3×62, ಅಂದರೆ 9.3 ಮಿಲಿಮೀಟರ್ ದಪ್ಪದ ಗುಂಡು, 62 ಮಿಲಿಮೀಟರ್ ಉದ್ದದ ಕೇಸ್ ಇರುವ ರೈಫಲ್ ತೋಟಾ. ಗ್ರೇನ್ ಅನ್ನುವುದು ಗುಂಡಿನ ತೂಕದ ಅಳತೆ.

ಅಜ್ಜನ ಕಾಲ ಅಂದಿರಲ್ಲ, ಆ ಅಜ್ಜನ ಕಥೆ ಕೇಳಿ. ಬರ್ಲಿನ್‌ನ ಬಂದೂಕು ತಯಾರಕ ಒಟ್ಟೋ ಬಾಕ್ 1905ರಲ್ಲಿ ಈ ತೋಟಾ ಮಾಡಿದ. ಆಫ್ರಿಕಾದಲ್ಲಿದ್ದ ಜರ್ಮನ್ ರೈತರಿಗೆ ಮಾಮೂಲಿ ಮೌಸರ್ 98 ರೈಫಲ್‌ನಲ್ಲೇ ಕೂರುವ, ದೊಡ್ಡ ಪ್ರಾಣಿಗೂ ಸಾಲುವ ತೋಟಾ ಬೇಕಿತ್ತು. ಅದಕ್ಕೆ ಒಗ್ಗಿಕೊಂಡ ತೂಕ 286 ಗ್ರೇನ್, ಅಂದರೆ ಹದಿನೆಂಟೂವರೆ ಗ್ರಾಂ. ನಳಿಗೆಯೊಳಗಿನ ಗೆರೆಗಳು ಸುಮಾರು 36 ಸೆಂಟಿಮೀಟರ್‌ಗೆ ಒಂದು ಸುತ್ತು ತಿರುಗುತ್ತವೆ. ಆ ತೂಕಕ್ಕೆ ಆ ತಿರುವು ಚೆನ್ನಾಗಿಯೇ ಸಾಲುತ್ತದೆ. ಇಷ್ಟೆಲ್ಲಾ ಕೂಡಿಬಂದಿರುವಾಗ ನಡುವೆ ನಿಮ್ಮದೇನು 232?

ಲೆಕ್ಕ ಬೇಕಾ? ಗುಂಡಿನ ದಪ್ಪಕ್ಕೆ ತೂಕ ಎಷ್ಟಿದೆ ಅಂತ ಹೇಳುವ ಒಂದು ಅಂಕಿ ಇದೆ, ಸೆಕ್ಷನಲ್ ಡೆನ್ಸಿಟಿ. ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದಕ್ಕೆ ಅದೇ ಸುಳಿವು. 9.3ರ 286ಕ್ಕೆ ಅದು 0.305. ಪಾಯಿಂಟ್ 375 ಹಾಲೆಂಡ್ ಆಂಡ್ ಹಾಲೆಂಡ್ ಕೇಳಿದ್ದೀರಲ್ವಾ, 1912ರದು, ಆಫ್ರಿಕಾ ಶಿಕಾರಿಗಳು ತಲೆಮೇಲೆ ಹೊತ್ತು ಮೆರೆಸುವ ತೋಟಾ? ಅದರ 300 ಗ್ರೇನ್ ಗುಂಡಿಗೂ 0.305. ಒಂದೇ ಅಂಕಿ! ಈಗ ನಿಮ್ಮ 232 ನೋಡಿ: 0.247. ಚಿಕ್ಕ ರೈಫಲ್ ಪಾಯಿಂಟ್ 308ಕ್ಕೆ 165 ಗ್ರೇನ್ ಹಾಕಿದರೂ ಹೆಚ್ಚೂಕಡಿಮೆ ಅಷ್ಟೇ ಬರುತ್ತದೆ. ಅಂದರೆ ದೊಡ್ಡ ನಳಿಗೆ ಹೊತ್ತು, ದೊಡ್ಡ ಒದೆತ ತಿಂದು, ಚಿಕ್ಕ ರೈಫಲ್‌ನ ಗುಂಡಿನಷ್ಟೇ ಒಳಗಿಳಿಯುವ ಗುಂಡನ್ನು ಬಿಡುತ್ತಿದ್ದೀರಿ. ಭೇಷ್.

"ಆದರೆ ವೇಗ?" ಅಂತ ಕೇಳುತ್ತೀರಿ. ಕೇಳೇ ಕೇಳುತ್ತೀರಿ. ಸರಿ, 286 ನಳಿಗೆಯಿಂದ ಹೊರಡುವುದು ಸೆಕೆಂಡಿಗೆ ಸುಮಾರು 720 ಮೀಟರ್‌ನಲ್ಲಿ, 232 ಸುಮಾರು 800ರಲ್ಲಿ. ಕಾಗದದ ಮೇಲೆ ಭಾರಿ ವ್ಯತ್ಯಾಸ. 100 ಮೀಟರ್‌ಗೆ ಗುರಿ ಕೂರಿಸಿ 150 ಮೀಟರ್‌ನಲ್ಲಿ ಹೊಡೆದು ನೋಡಿ. ಎರಡರ ನಡುವಿನ ಅಂತರ ಒಂದೆರಡು ಸೆಂಟಿಮೀಟರ್, ಹೆಬ್ಬೆರಳಿನ ಅಗಲ. ಹಗುರದ್ದು ಗಾಳಿಯಲ್ಲಿ ಬೇಗ ಸುಸ್ತಾಗುತ್ತದೆ, ಆ ಮುನ್ನಡೆಯೂ ದಾರಿಯಲ್ಲೇ ಸವೆಯುತ್ತದೆ. ಆ ಹೆಬ್ಬೆರಳಿಗಾಗಿ 54 ಗ್ರೇನ್ ಬಿಟ್ಟುಕೊಡಬೇಕಾ?

ನಾನೂ ಒಮ್ಮೆ ಬಿಟ್ಟುಕೊಟ್ಟಿದ್ದೆ, ಹೇಳಿಬಿಡುತ್ತೇನೆ. ಹಗುರದ, ಮೆತ್ತನೆಯ ಗುಂಡು ಹಾಕಿಕೊಂಡು ಹೋಗಿದ್ದೆ. ಹಂದಿ 40 ಹೆಜ್ಜೆ ದೂರದಲ್ಲಿ, ಸ್ವಲ್ಪ ಮುಖ ತಿರುಗಿಸಿ ನಿಂತಿತ್ತು. ಭುಜಕ್ಕೆ ಈಡು ಸರಿಯಾಗೇ ಬಿತ್ತು. ಹಂದಿ ಓಡಿತು. ಸಂಜೆವರೆಗೂ ರಕ್ತದ ಹನಿ ನೋಡಿಕೊಂಡು ಹೋದೆವು. ಕೊನೆಗೆ ಸಿಕ್ಕಿತು, ಎರಡನೇ ಈಡು ಬೇಕಾಯಿತು. ಆಮೇಲೆ ಭುಜ ಬಿಡಿಸಿ ನೋಡಿದರೆ ಮೊದಲ ಗುಂಡು ಮೂಳೆ ಮೇಲೇ ಪುಡಿಯಾಗಿತ್ತು. ಸೀಸದ ಚೂರು, ತಾಮ್ರದ ಸಿಪ್ಪೆ, ಅಷ್ಟೇ. ಆ ಸಿಪ್ಪೆಯನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಇಗೋ, ಕಾಣ್ತಾ ಇದೆಯಾ? ಕ್ಯಾಮೆರಾ ಫೋಕಸ್ ಆಗ್ತಿಲ್ಲ. ಬಿಡಿ.

ಫೋಕಸ್ ಆಗುವ ಕ್ಯಾಮೆರಾ ಬೇಕು ಅಂದರೆ ಚಾನೆಲ್‌ಗೆ ಸದಸ್ಯರಾಗಿ. 286 ಅಂತ ಬರೆದ ಮಗ್ಗೂ ಮಾಡಿಸಿದ್ದೇನೆ. 232 ಅಂತ ಬರೆದದ್ದು ಮಾಡಿಸಲ್ಲ.

ಈಗ ತೋಟಾದೊಳಗೆ ತುಂಬುವ ಮದ್ದು. ಎಷ್ಟು ಗ್ರೇನ್ ಮದ್ದು ಅಂತ ನನ್ನ ಬಾಯಿಂದ ಬರಲ್ಲ, ಕೇಳಬೇಡಿ. ಅದಕ್ಕೆ ಗುಂಡಿನ ಕಂಪನಿ, ಮದ್ದಿನ ಕಂಪನಿ ಕೊಡುವ ಪುಸ್ತಕ ಇದೆ. ಅದರಲ್ಲಿ ಕೊಟ್ಟಿರುವ ಅತಿ ಕಡಿಮೆ ಅಳತೆಯಿಂದ ಶುರು ಮಾಡಿ. ನಾನು ಹೇಳುವುದು ಯಾವ ಜಾತಿಯ ಮದ್ದು ಅನ್ನುವುದಷ್ಟೇ. ಮೊನ್ನೆ ಒಬ್ಬರು ಮ್ಯಾಗ್ನಮ್‌ಗೆ, ಅಂದರೆ ಜಾಸ್ತಿ ಮದ್ದು ಹಿಡಿಯುವ ತೋಟಾಕ್ಕೆ ತಂದ, ನಿಧಾನವಾಗಿ ಉರಿಯುವ ಮದ್ದು ಮಿಕ್ಕಿದೆ, ಅದನ್ನೇ 9.3ಕ್ಕೂ ತುಂಬಲಾ ಅಂತ ಕೇಳಿದರು. ಮಿಕ್ಕಿದ್ದನ್ನೆಲ್ಲಾ ಸಾರಿಗೆ ಹಾಕಿದ ಹಾಗೆ! ಈ ತೋಟಾದ ನಳಿಗೆ ಅಗಲ. ಗುಂಡು ಒಂದು ಅಂಗುಲ ಮುಂದೆ ಸರಿದರೆ ಹಿಂದೆ ಸುಮಾರು ಜಾಗ ತೆರೆದುಕೊಳ್ಳುತ್ತದೆ, ಒತ್ತಡ ಇಳಿಯುತ್ತದೆ. ತೀರಾ ನಿಧಾನದ ಮದ್ದು ಆಗ ಸರಿಯಾಗಿ ಉರಿಯುವುದೇ ಇಲ್ಲ. ಕೇಸ್ ತುಂಬಿದರೂ ವೇಗ ಬರಲ್ಲ, ನಳಿಗೆಯಲ್ಲಿ ಉರಿಯದ ಕಾಳು ಉಳಿಯುತ್ತವೆ. ಇದಕ್ಕೆ ಬೇಕಿರುವುದು ನಡುವಿನ ವೇಗದ್ದು: ವಾರ್‌ಗೆಟ್, ಐಎಂಆರ್ 4064, ರೀಲೋಡರ್ 15, ಆ ಸಾಲಿನವು. ಭಾರದ ಗುಂಡು ಮುಂದೆ ಅಡ್ಡ ನಿಂತರೆ ಮದ್ದು ನೆಮ್ಮದಿಯಾಗಿ ಉರಿಯುತ್ತದೆ. ನೋಡಿದಿರಾ, ಇಲ್ಲೂ 286 ಬಂತು.

ಒಂದು ಕೆಲಸ ಮಾಡಿ. ಗುಂಡು ಕೂರಿಸಿದ ತೋಟಾವನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಗಿಲಕಿ ಹಾಗೆ ಜೋರಾಗಿ ಸದ್ದು ಬಂದರೆ ಒಳಗೆ ಖಾಲಿ ಜಾಗ ಜಾಸ್ತಿ ಇದೆ. ಮದ್ದು ಒಮ್ಮೆ ಪ್ರೈಮರ್ (ಹಿಂದೆ ಕಿಡಿ ಹೊತ್ತಿಸುವ ಬಿಲ್ಲೆ) ಕಡೆ, ಒಮ್ಮೆ ಗುಂಡಿನ ಕಡೆ ಜಾರುತ್ತದೆ, ವೇಗವೂ ಅದರ ಜೊತೆ ಏರಿಳಿಯುತ್ತದೆ. ಪುಸ್ತಕದ ಅಳತೆಯೊಳಗೇ ಕೇಸನ್ನು ಚೆನ್ನಾಗಿ ತುಂಬುವ ಮದ್ದು ಹುಡುಕಿ. ಬಿಸಿಲಿಗೂ ಚಳಿಗೂ ಒಂದೇ ಥರ ನಡೆದುಕೊಳ್ಳುವುದಾದರೆ ಇನ್ನೂ ಒಳ್ಳೆಯದು. ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ಸೆಕೆಂಡಿಗೆ ಇನ್ನೊಂದು 15 ಮೀಟರ್ ಜಾಸ್ತಿ ತೋರಿಸಿತು ಅಂತ ಕುಣಿಯುವವರಿಗೆ ಹಂದಿ ಆ ಅಂಕಿ ಓದಲ್ಲ ಅಂತ ಯಾರಾದರೂ ಹೇಳಿ.

"ಅಣ್ಣಾ, ಪೂರ್ತಿ ತಾಮ್ರದ ಗುಂಡಾದರೆ 250 ಸಾಕಲ್ವಾ?" ಹ್ಞಾಂ, ಈ ಜಾಣರು ಎಲ್ಲಿ ಹೋದರು ಅಂತ ನೋಡುತ್ತಿದ್ದೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದ ಆಗುತ್ತದೆ, ಕೇಸ್ ಒಳಗೆ ಮದ್ದಿನ ಜಾಗ ತಿನ್ನುತ್ತದೆ. ಪುಡಿಯೂ ಆಗಲ್ಲ. ಅದಕ್ಕೆ 250 ನಡೆಯುತ್ತದೆ. ಒಪ್ಪಿದೆ. ಒಪ್ಪಿದ್ದನ್ನು ಕತ್ತರಿಸಿ ಇಪ್ಪತ್ತು ಸೆಕೆಂಡಿನ ವಿಡಿಯೋ ಮಾಡಿ ಹಾಕಬೇಡಿ, ಹಾಕುತ್ತೀರಿ ಅಂತ ಗೊತ್ತು. ಸೀಸದ ಗುಂಡಿಗೆ? 286.

ಒದೆತ ಜಾಸ್ತಿ ಅಂತೀರಾ? ಭುಜಕ್ಕೆ ಒತ್ತಿ ಹಿಡಿಯಿರಿ. 286. ಅಂಗಡಿಯಲ್ಲಿ ಸಿಗಲ್ಲ ಅಂತೀರಾ? ಕಾಯಿರಿ. 286. ಗೆಳೆಯ 232ರಲ್ಲಿ ಹತ್ತು ಹಂದಿ ಹೊಡೆದಿದ್ದಾನೆ ಅಂತೀರಾ? ಹನ್ನೊಂದನೆಯದು ಬರಲಿ. ಇದಕ್ಕೂ ಕಾರಣ ಬರೆದಿಟ್ಟಿದ್ದೆ, ಹಾಳೆ ಎಲ್ಲೋ ಕಾಣ್ತಿಲ್ಲ. ಮಗ್ಗಿನ ಕೆಳಗಿರಬೇಕು... ಇಲ್ಲ. ಏನಿತ್ತೋ, ಕೊನೆಗೆ 286 ಅಂತಲೇ ಇತ್ತು.

ಕೇಸ್ ಕತ್ತಿನ ಮೂರು ಪುಟ ಮುಂದಿನ ವಾರ. ಅಷ್ಟರೊಳಗೆ ಯಾರೂ 232 ಅಂತ ಬರೆಯದಿದ್ದರೆ.