ಎಳೆಯ ಮಾಲ್ಟ್‌ಗಳ ಮೂರು ಗ್ಲಾಸು

ಸ್ನೇಹಿತರೇ, ನಿಮ್ಮೆದುರಿಗಿರುವ ಮೂರೂ ಗ್ಲಾಸುಗಳಲ್ಲಿ ಸ್ಕಾಟ್ಲೆಂಡಿನ ಐಲಾ ದ್ವೀಪದ ಸಿಂಗಲ್ ಮಾಲ್ಟ್ ವಿಸ್ಕಿ ಇದೆ, ಅಂದರೆ ಒಂದೇ ಭಟ್ಟಿಮನೆಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದಷ್ಟೇ ಮಾಡಿದ್ದು. ಎಡಗಡೆಯದು ಐದು ವರ್ಷದ ಆರ್ಡ್‌ಬೆಗ್ ವೀ ಬೀಸ್ಟಿ. ನಡುವಿನದು ವಯಸ್ಸು ನಮೂದಿಸದ ಕಿಲ್‌ಹೋಮನ್ ಮ್ಯಾಕಿರ್ ಬೇ. ಬಲಗಡೆಯದು ಎಂಟು ವರ್ಷದ ಲಾಗವೂಲಿನ್. ದಯವಿಟ್ಟು ಯಾರೂ ಇನ್ನೂ ಗುಟುಕು ಹಾಕಬೇಡಿ, ಮೂಗಿಗೆ ಮೊದಲ ಕೆಲಸವಿದೆ.

ಬಾಟಲಿಯ ಮೇಲೆ ಹನ್ನೆರಡು, ಹದಿನೆಂಟು ವರ್ಷ ಎಂದು ಕಂಡೊಡನೆ ನಮ್ಮಲ್ಲೊಂದು ಭಕ್ತಿ ಹುಟ್ಟಿಬಿಡುತ್ತದೆ. ಆದರೆ ಸ್ಕಾಚ್ ಎನಿಸಿಕೊಳ್ಳಲು ಕಾನೂನು ಕೇಳುವುದು ಓಕ್ ಪೀಪಾಯಿಯಲ್ಲಿ ಮೂರೇ ವರ್ಷ. ಆ ನಿಯಮವನ್ನೂ ರುಚಿ ಬಲ್ಲವರು ಮಾಡಿದ್ದಲ್ಲ. 1915ರಲ್ಲಿ, ಮಹಾಯುದ್ಧದ ನಡುವೆ, ಕಾರ್ಮಿಕರ ಕುಡಿತದಿಂದ ಬೇಸತ್ತ ಬ್ರಿಟಿಷ್ ಸರ್ಕಾರ ಎಳೆಯ ಮದ್ಯದ ಮಾರಾಟಕ್ಕೆ ತಡೆ ಹಾಕಿತು. ಮೊದಲು ಎರಡು ವರ್ಷ ಎಂದಿದ್ದದ್ದು ಮರುವರ್ಷ ಮೂರಾಯಿತು. ಇನ್ನು ಲಾಗವೂಲಿನ್ ವಿಷಯ: 1880ರ ದಶಕದಲ್ಲಿ ಅದರ ಭಟ್ಟಿಮನೆಗೆ ಹೋಗಿದ್ದ ಆಲ್ಫ್ರೆಡ್ ಬರ್ನಾರ್ಡ್ ಎಂಬ ಲೇಖಕ ಮನಸಾರೆ ಹೊಗಳಿ ಬರೆದದ್ದು ಎಂಟು ವರ್ಷದ ವಿಸ್ಕಿಯನ್ನೇ. ಅದರ ನೆನಪಿಗೆಂದೇ ಕಂಪನಿ ತನ್ನ ಇನ್ನೂರನೆಯ ವರ್ಷವಾದ 2016ರಲ್ಲಿ ಈ ಬಾಟಲಿಯನ್ನು ಹೊರತಂದಿತು.

ಪೀಪಾಯಿ ವೆನಿಲಾ, ಕೊಬ್ಬರಿ, ಒಣದ್ರಾಕ್ಷಿಯ ಪರಿಮಳ ಕೊಡುತ್ತದೆ. ಗಂಧಕದ ಒರಟು ವಾಸನೆಯನ್ನು ಕಳೆಯುತ್ತದೆ. ಆದರೆ ವರ್ಷ ಕಳೆದಂತೆ ಪೀಟ್ ಹೊಗೆಯೂ, ಅಂದರೆ ಬಾರ್ಲಿ ಒಣಗಿಸಲು ಉರಿಸುವ ಜವುಗು ಮಣ್ಣಿನ ಹೊಗೆಯೂ, ಮಂಕಾಗುತ್ತದೆ. ಹೊಗೆ ಬೇಕೆನ್ನುವವರಿಗೆ ಎಳೆಯದೇ ಸರಿ ಎಂದು ನಾನು ಹೇಳುವುದು ಇದಕ್ಕೇ. ಇನ್ನೊಂದು ಲಾಭವೂ ಇದೆ: ಮರದ ಮಾತು ಕಡಿಮೆಯಿದ್ದಾಗ ಭಟ್ಟಿಯ ಮಾತು ಕೇಳಿಸುತ್ತದೆ. ಈ ಮೂರನ್ನೇ ಆರಿಸಿದ್ದಕ್ಕೂ ಅದೇ ಕಾರಣ. ಮೂರಕ್ಕೂ ಬಾರ್ಲಿಯನ್ನು ಮೊಳಕೆ ಬರಿಸಿ ಹೊಗೆ ಹಾಕಿದ್ದು ಅದೇ ದ್ವೀಪದ ಪೋರ್ಟ್ ಎಲೆನ್‌ನಲ್ಲಿ. ಹೊಗೆಯ ಅಂಶ ಆರ್ಡ್‌ಬೆಗ್, ಕಿಲ್‌ಹೋಮನ್‌ಗಳ ಬಾರ್ಲಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಸುಮಾರು 50 ಭಾಗ, ಲಾಗವೂಲಿನ್‌ನಲ್ಲಿ ಸುಮಾರು 35.

ಈಗ ಎಡಗಡೆಯ ಗ್ಲಾಸು. ಮೂಗನ್ನು ಒಳಗೆ ತುರುಕಬೇಡಿ, 47.4 ಪ್ರತಿಶತ ಆಲ್ಕೋಹಾಲ್ ಘ್ರಾಣವನ್ನು ಮರಗಟ್ಟಿಸುತ್ತದೆ. ಬಾಯಿ ತುಸು ತೆರೆದು ಅಂಚಿನಲ್ಲೇ ಮೂಸಿ. ಡಾಂಬರು, ಕರಿಮೆಣಸು, ಅದರ ಹಿಂದೆ ಪಿಯರ್ ಹಣ್ಣು. ಆರ್ಡ್‌ಬೆಗ್‌ನ ಭಟ್ಟಿಗೆ ಜೋಡಿಸಿರುವ ಒಂದು ಕೊಳವೆ ಭಾರವಾದ ಆವಿಯನ್ನು ಮತ್ತೆ ಪಾತ್ರೆಗೇ ಇಳಿಸುತ್ತದೆ. ಅಷ್ಟು ಹೊಗೆಯ ನಡುವೆಯೂ ಹಣ್ಣು ಉಳಿಯುವುದು ಅದರಿಂದಲೇ.

ಕಿಲ್‌ಹೋಮನ್ 2005ರಲ್ಲಿ ಒಂದು ಹೊಲಮನೆಯಲ್ಲಿ ಶುರುವಾದದ್ದು. ಮೊದಲ ವಿಸ್ಕಿ 2009ರಲ್ಲಿ, ಮೂರು ವರ್ಷ ತುಂಬಿದ ಮೇಲೆ ಬಂತು. ಇಲ್ಲಿ ನಿಂಬೆ, ಬೆಣ್ಣೆ, ಹಸಿ ಧಾನ್ಯ ಸಿಗುತ್ತವೆ. ಧಾನ್ಯದ ಈ ವಾಸನೆಯನ್ನು ಕೆಲವರು ದೋಷವೆನ್ನುತ್ತಾರೆ, ನಾನು ಒಪ್ಪುವುದಿಲ್ಲ. ಅಕ್ಕಿ ಬೇಯುವಾಗಿನ ಘಮವನ್ನು ಯಾರಾದರೂ ದೋಷವೆಂದಾರೆಯೇ? ನಿಜವಾದ ದೋಷ ಬೇರೆ: ಗಂಟಲಲ್ಲಿ ಬರಿಯ ಸ್ಪಿರಿಟ್ಟಿನ ಉರಿ, ಬೆವರು ಹತ್ತಿದ ತೊಗಲಿನ ನಾತ. ಅದು ಇಲ್ಲಿಲ್ಲ.

ಲಾಗವೂಲಿನ್‌ಗೆ ನಾಲ್ಕು ಹನಿ ನೀರು ಹಾಕಿ. ಬಣ್ಣ ಪೇಲವ, ಆದರೆ ನಿಧಾನವಾಗಿ ಭಟ್ಟಿ ಇಳಿಸಿದ ಎಣ್ಣೆಯಂಥ ಮೈ ನಾಲಿಗೆಯ ಮೇಲೆ ಹರಡುತ್ತದೆ. ಮೂರರಲ್ಲಿ ನನ್ನ ಮತ ಇದಕ್ಕೆ, ವೀ ಬೀಸ್ಟಿಗಿಂತ ಕೂದಲೆಳೆಯಷ್ಟೇ ಮೇಲೆ.

ಬೆಂಗಳೂರಿನವರು ನಿಮ್ಮೂರಿನ ಸಿಂಗಲ್ ಮಾಲ್ಟ್ ಅಮೃತ್ ಬಗ್ಗೆ ಕೇಳಿಯೇ ಕೇಳುತ್ತೀರಿ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಪೀಪಾಯಿಯಿಂದ ಸುಮಾರು ಎರಡು ಪ್ರತಿಶತ ಆವಿಯಾದರೆ ನಮ್ಮ ಹವೆಯಲ್ಲಿ ಹತ್ತಕ್ಕೂ ಹೆಚ್ಚು. ಮರವೂ ಅಷ್ಟೇ ಬೇಗ ಕೆಲಸ ಮಾಡುತ್ತದೆ. ಹಾಗಾಗಿ ಇಲ್ಲಿನ ಐದು ವರ್ಷವನ್ನು ಐಲಾದ ಐದರ ಪಕ್ಕದಲ್ಲಿಡುವುದು ನ್ಯಾಯವಲ್ಲ. ಅಮೃತ್‌ಗೆ ಬೇರೆಯೇ ಸಂಜೆ ಬೇಕು. ಸದ್ಯ ಎಡಗಡೆಯ ಗ್ಲಾಸಿಗೂ ಎರಡು ಹನಿ ನೀರು ಬೆರೆಸಿ, ಮತ್ತೊಮ್ಮೆ ಮೂಸಿ ನೋಡಿ.